ಹಿಂದಿನ ಹೌಸಿಂಗ್ ಬದಲಾಯಿಸಿದ ಜೀಪಿನಲ್ಲಿ ನಡುಕ, ಕೂಗು, ಸೋರಿಕೆ: ದೋಷ ಹುಡುಕುವ ಕ್ರಮ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಅಡೂರು, ಪೆರ್ಲ, ಬಾಯಾರುಗಳಂತಹ ಕಡೆಗಳಲ್ಲಿ ಅಡಿಕೆ ತೋಟವಿರುವ ಮನೆಗಳ ಅಂಗಳದಲ್ಲಿ ಇಂದಿಗೂ ಹಳೆಯ ಜೀಪು ನಿಂತಿರುತ್ತದೆ. ಮುರಕಲ್ಲಿನ ಗುಡ್ಡೆಯನ್ನು ಕಡಿದು ಮಾಡಿದ ಏರುದಾರಿಯಲ್ಲಿ ಗೊಬ್ಬರ, ಸುಣ್ಣ, ಅಡಿಕೆ ಗೋಣಿ, ಕೆಲವೊಮ್ಮೆ ಕಲ್ಲನ್ನೇ ಹೊತ್ತು ಮಳೆಗಾಲದಲ್ಲೂ ಹತ್ತಬಲ್ಲ ವಾಹನ ಆ ಬೆಲೆಗೆ ಬೇರೊಂದು ಸಿಗುವುದಿಲ್ಲ. ಹಾಗೆ ದುಡಿಸಿಕೊಂಡ ಜೀಪಿನ ಹಿಂದಿನ ಆಕ್ಸಲ್ ಶಾಫ್ಟ್ (ಚಕ್ರವನ್ನು ತಿರುಗಿಸುವ ಸರಳು) ಒಂದೆರಡು ಬಾರಿ ತುಂಡಾದ ಮೇಲೆ ಮಾಲಕರಿಗೆ ಬೇಸರ ಬಂದು, ಗುಜರಿಯಿಂದ ದೊಡ್ಡ ಗಾಡಿಯೊಂದರ ಹೌಸಿಂಗನ್ನು (ಎರಡು ಹಿಂದಿನ ಚಕ್ರಗಳ ನಡುವಿನ, ಗೇರುಗಳೂ ಶಾಫ್ಟುಗಳೂ ಒಳಗಿರುವ ಕವಚವನ್ನು) ಇಡಿಯಾಗಿ ತಂದು ಕೂರಿಸುತ್ತಾರೆ. ಶಾಫ್ಟ್ ಮುರಿಯುವ ತೊಂದರೆ ಅಲ್ಲಿಗೆ ಮುಗಿಯುತ್ತದೆ. ಆದರೆ ಆ ಕೆಲಸ ಮಾಡಿಸಿಕೊಂಡು ಹೊರಬಂದ ಜೀಪುಗಳಲ್ಲಿ ಹೆಚ್ಚಿನವು ಒಂದು ತಿಂಗಳೊಳಗೆ ಬೇರೊಂದು ದೂರು ಹಿಡಿದು ಗ್ಯಾರೇಜಿಗೆ ಮರಳುತ್ತವೆ: ವೇಗ ಹಿಡಿದರೆ ನೆಲದ ತಗಡು ನಡುಗುತ್ತದೆ, ಎಕ್ಸಲರೇಟರ್ ಬಿಟ್ಟರೆ ಹಿಂದಿನಿಂದ ಕೂಗು ಬರುತ್ತದೆ, ಹೌಸಿಂಗಿನ ಮೂತಿಯಲ್ಲಿರುವ ಪಿನಿಯನ್ ಎಂಬ ಚಿಕ್ಕ ಗೇರಿನ ಸೀಲಿನಿಂದ ಆಯಿಲ್ ಒಸರುತ್ತದೆ, ನಾಲ್ಕೂ ಚಕ್ರಗಳಿಗೆ ಎಳೆತ ಕೊಡುವ ಫೋರ್ ವೀಲ್ ಹಾಕಿದರೆ ಲಿವರ್ ಹಿಂದಕ್ಕೆ ಬರುವುದಿಲ್ಲ.

ಇಂತಹ ಜೀಪುಗಳನ್ನು ನೋಡುತ್ತ ಬಂದ ಅನುಭವದಿಂದ ನಾನು ತಲುಪಿದ ಅಭಿಪ್ರಾಯ ಇಷ್ಟು: ಹೊಸದಾಗಿ ಹಾಕಿದ ಹೌಸಿಂಗಿನ ಒಳಗೆ ದೋಷ ಇರುವುದಕ್ಕಿಂತ ಅದನ್ನು ಕೂರಿಸಿದ ರೀತಿಯಲ್ಲಿ ದೋಷ ಇರುವುದೇ ಹೆಚ್ಚು. ಹಾಗಿರುವಾಗ ದೂರು ಬಂದ ಕೂಡಲೇ ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಹಲ್ಲುಚಕ್ರ) ಬಿಚ್ಚುವುದು ಸಮಯಕ್ಕೂ ಹಣಕ್ಕೂ ದಂಡ. ಸರಿಯಾಗಿದ್ದ, ಅಂತರ ಹೊಂದಿಸುವ ತೆಳು ತಗಡುಗಳಾದ ಶಿಮ್‌ಗಳನ್ನು ಕೆಡಿಸಿ ಇಲ್ಲದ ದೋಷವನ್ನು ಹುಟ್ಟುಹಾಕಿದಂತೆಯೂ ಆಗುತ್ತದೆ. ನಾಲ್ಕೂ ಚಕ್ರಗಳು ನೆಲದ ಮೇಲಿರುವಾಗ, ಜೀಪಿನಲ್ಲಿ ಎಂದಿನ ಭಾರ ಇರುವಾಗ, ಮೊದಲು ಅಳತೆ ತೆಗೆಯಬೇಕು.

ಕಾನೂನಿನ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಬಿಗಿಯಾಗಿಯೇ ಓದಿದೆ. ಆದ್ದರಿಂದ ಚಕ್ರಗಳ ಅಗಲ ಹೆಚ್ಚುವಂತಹ, ಎತ್ತರ ಬದಲಾಗುವಂತಹ ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಬಿಚ್ಚುವ ಮೊದಲು

ಮೊದಲ ಕೆಲಸ ನೀರು ಹಾಕಿ ತೊಳೆಯುವುದು. ಹೀಗೆ ಬರೆದರೆ ಕೆಲವರಿಗೆ ನಗು ಬರಬಹುದು. ನಮ್ಮ ಕೆಂಪು ಮಣ್ಣು ಮಳೆಗಾಲದಲ್ಲಿ ರಿಮ್ಮಿನ ಒಳಮೈಗೆ ಮುದ್ದೆಯಾಗಿ ಅಂಟಿ, ಬಿಸಿಲು ಬಿದ್ದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಒಂದೇ ಬದಿಯಲ್ಲಿ ಅಂಗೈಯಗಲ ಮಣ್ಣು ಉಳಿದರೂ ಚಕ್ರದ ಸಮತೋಲನ ತಪ್ಪಿ ಇಡೀ ಜೀಪು ಕುಲುಕುತ್ತದೆ. ಎಂಜಿನ್ನಿನ ಕಡೆಯಿಂದ ಹೌಸಿಂಗಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಅಂಟಿದ ಮಣ್ಣಿಗೂ ಇದೇ ಗುಣವಿದೆ. ತೊಳೆದಾಗ ಅರ್ಧದಷ್ಟು ನಡುಕ ಇಳಿದ ಜೀಪನ್ನು ನಾನು ನೋಡಿದ್ದೇನೆ.

ಬಳಿಕ ಓಡಿಸುವವರೊಡನೆ ಕುಳಿತು ಒಂದು ಸುತ್ತು ಹೋಗಿ ಬರಬೇಕು. ದೂರು ಯಾವಾಗ ಬರುತ್ತದೆ ಎನ್ನುವುದು ಏನು ದೂರು ಎನ್ನುವುದಕ್ಕಿಂತ ಮುಖ್ಯ. ನಡುಕ ಬರುವ ವೇಗಕ್ಕೆ ಜೀಪನ್ನು ತಂದು ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲಿಗೆ ತರಬೇಕು. ಎಂಜಿನ್ನಿನ ಸದ್ದು ಇಳಿದರೂ ನಡುಕ ಹಾಗೆಯೇ ಉಳಿದರೆ ಅದು ಎಂಜಿನ್ನಿನದಲ್ಲ, ಗೇರ್‌ಬಾಕ್ಸಿನ ಹಿಂದೆ ತಿರುಗುವ ಯಾವುದೋ ಒಂದರದ್ದು. ಇನ್ನು ಅದು ಚಕ್ರದ್ದೋ ಶಾಫ್ಟಿನದೋ ಎಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಟಯರಿನ ಸುತ್ತಳತೆ 2.3 ಮೀಟರ್ ಎಂದಿಟ್ಟುಕೊಂಡರೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 6 ಸುತ್ತು ಬರುತ್ತದೆ. ಹೌಸಿಂಗಿನ ಅನುಪಾತ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ಬರುವ ಸುತ್ತುಗಳು, 4.88 ಆಗಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಅದೇ ಹೊತ್ತಿಗೆ ಸುಮಾರು 29 ಸುತ್ತು ಬರುತ್ತದೆ. ಚಕ್ರದ ದೋಷ ಸೆಕೆಂಡಿಗೆ ಆರು ಬಾರಿ ಎತ್ತಿ ಕುಕ್ಕಿದಂತೆ ಸೊಂಟಕ್ಕೆ ತಿಳಿಯುತ್ತದೆ. ಶಾಫ್ಟಿನ ದೋಷ ಹಾಗೆ ಬೇರೆ ಬೇರೆಯಾಗಿ ತಿಳಿಯುವುದಿಲ್ಲ. ಕಾಲಿನ ಕೆಳಗೆ, ಕನ್ನಡಿಯಲ್ಲಿ, ಡ್ಯಾಶಿನ ತಗಡಿನಲ್ಲಿ ಜುಮುಗುಟ್ಟುವ ನಡುಕವಾಗಿ ಬರುತ್ತದೆ. ಶಾಫ್ಟಿನ ತುದಿಗಳನ್ನು ಓರೆಯಾಗಿಯೂ ತಿರುಗುವಂತೆ ಜೋಡಿಸುವ ಯುಜೆ ಕ್ರಾಸುಗಳ ಕೋನ ತಪ್ಪಿದ್ದರೆ ಶಾಫ್ಟಿನ ಪ್ರತಿ ಸುತ್ತಿಗೆ ಎರಡು ಬಾರಿ ನಡುಕ ಹುಟ್ಟುವುದರಿಂದ ಅದು ಸೆಕೆಂಡಿಗೆ 58ರ ಸುಮಾರಿಗೆ ಹೋಗಿ, ನಡುಕ ಎನ್ನುವುದಕ್ಕಿಂತ ಗುಂಯ್ ಎನ್ನುವ ಸದ್ದಿನಂತೆ ಕೇಳಿಸುತ್ತದೆ. ಇದನ್ನು ಹೌಸಿಂಗಿನ ಕೂಗು ಎಂದು ತಪ್ಪು ತಿಳಿಯುವವರೇ ಹೆಚ್ಚು.

ಇನ್ನೊಂದು ಸುಲಭ ಪರೀಕ್ಷೆಯಿದೆ. ಶಾಫ್ಟಿನ ಎರಡು ತುದಿಯೂ ಬೋಲ್ಟಿನಿಂದ ಕಟ್ಟಿದ ಬಗೆಯದಾಗಿದ್ದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಪೂರ್ತಿ ಕಳಚಿ, ಫೋರ್ ವೀಲ್ ಹಾಕಿ, ಮುಂದಿನ ಚಕ್ರಗಳ ಎಳೆತದಲ್ಲೇ ಸಮತಟ್ಟಾದ ರಸ್ತೆಯಲ್ಲಿ ಜೀಪನ್ನು ಓಡಿಸಬಹುದು. ಆಗ ಹಿಂದಿನ ಕ್ರೌನ್ ಚಕ್ರದೊಡನೆ ತಿರುಗುತ್ತಲೇ ಇರುತ್ತದೆ, ಶಾಫ್ಟ್ ಮಾತ್ರ ಇರುವುದಿಲ್ಲ. ನಡುಕ ಮಾಯವಾದರೆ ಶಾಫ್ಟನ್ನೂ ಅದರ ಕೋನಗಳನ್ನೂ ನೋಡಬೇಕು. ಉಳಿದುಕೊಂಡರೆ ಚಕ್ರ, ಡ್ರಮ್ಮು, ಆಕ್ಸಲ್ ಶಾಫ್ಟುಗಳನ್ನು ನೋಡಬೇಕು. ಪಾರ್ಕಿಂಗ್ ಬ್ರೇಕ್, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಡ್ರಮ್ಮಿನಲ್ಲಿರುವ ಜೀಪುಗಳಲ್ಲಿ ಶಾಫ್ಟ್ ಕಳಚಿದರೆ ಆ ಬ್ರೇಕು ಹಿಂದಿನ ಚಕ್ರಗಳನ್ನು ಹಿಡಿಯುವುದಿಲ್ಲ. ಚಕ್ರಕ್ಕೆ ಕಲ್ಲು ಕೊಡದೆ ಕೆಳಗೆ ನುಸುಳಬಾರದು.

ಕ್ರೌನ್ ಬಿಚ್ಚಿ ಸಿಗದೆ, ರಸಮಟ್ಟ ಹಿಡಿದಾಗ ಸಿಕ್ಕಿದ ದೋಷ

ಪರಿಚಯದ ಕೃಷಿಕರೊಬ್ಬರ ಉದ್ದ ಚಾಸಿಯ ಜೀಪಿಗೆ ಭಾರದ ಹೌಸಿಂಗ್ ಕೂರಿಸಿ ಎರಡು ವಾರ ಆಗಿತ್ತು. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ನಲವತ್ತು ದಾಟಿದರೆ ಕಾಲಡಿಯ ತಗಡು ಗುಂಯ್‌ಗುಡುತ್ತಿತ್ತು. ಏರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಹೆಚ್ಚುತ್ತಿತ್ತು, ಬಿಟ್ಟಾಗ ಸ್ವಲ್ಪ ಇಳಿಯುತ್ತಿತ್ತು. ಕೆಲಸ ಮಾಡಿದ ಹುಡುಗ ಪ್ರಾಮಾಣಿಕ. "ಎಂತ ನೋಡುವುದು ಅಣ್ಣ, ಕ್ರೌನ್ ಹೋಗಿದೆ, ಬಿಚ್ಚುವ" ಎಂದ. ನಾವೂ ತಲೆಯಾಡಿಸಿದೆವು. ಎರಡು ದಿನ ಕಳೆದು, ಪಿನಿಯನ್ನಿನ ಎರಡು ಹೊಸ ಬೇರಿಂಗುಗಳ ಹಣ ಕೊಟ್ಟು, ಎಲ್ಲವನ್ನೂ ಮರಳಿ ಕೂರಿಸಿ ಹೊರಟಾಗ ಬೋವಿಕ್ಕಾನ ತಲುಪುವ ಮೊದಲೇ ಅದೇ ಗುಂಯ್ ಬಂತು.

ಅನಂತರ ಮಾಡಿದ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಜೀಪನ್ನು ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಹಿಂದೆ ನಾಲ್ಕು ಗೋಣಿ ಗೊಬ್ಬರ ಹೇರಿ, ಗಾರೆಯವರ ರಸಮಟ್ಟವನ್ನೂ ಮಕ್ಕಳ ಕಂಪಾಸು ಪೆಟ್ಟಿಗೆಯ ಕೋನಮಾಪಕವನ್ನೂ ತಂದೆವು. ಕೋನಮಾಪಕದ ನಡುವಿನ ತೂತಿಗೆ ದಾರ ಕಟ್ಟಿ ತುದಿಯಲ್ಲಿ ಒಂದು ನಟ್ಟು ತೂಗಿಬಿಟ್ಟರೆ ಒಂದು ಡಿಗ್ರಿಯವರೆಗೂ ನಂಬಬಹುದಾದ ಅಳತೆ ಸಿಗುತ್ತದೆ. ಮೊಬೈಲಿನಲ್ಲೂ ಕೋನ ತೋರಿಸುವ ವ್ಯವಸ್ಥೆ ಇರುತ್ತದೆ. ಆದರೆ ಗ್ರೀಸು ಮೆತ್ತಿದ ಜಾಗಕ್ಕೆ ಮೊಬೈಲು ಒತ್ತಿ ಹಿಡಿಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಮೂರು ಕಡೆ ಅಳೆಯಬೇಕು. ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವ ಶಾಫ್ಟು ಹಿಂದಕ್ಕೆ ಎಷ್ಟು ಇಳಿಜಾರಾಗಿದೆ ಎಂಬುದು ಒಂದು. ನಮ್ಮದರಲ್ಲಿ ಅದು 4 ಡಿಗ್ರಿ ಇತ್ತು. ಪ್ರೊಪೆಲ್ಲರ್ ಶಾಫ್ಟಿನ ಇಳಿಜಾರು ಎರಡನೆಯದು. ಅದು 11 ಡಿಗ್ರಿ. ಪಿನಿಯನ್ನಿನ ಮೂತಿ ಎಷ್ಟು ಮೇಲಕ್ಕೆ ಎದ್ದಿದೆ ಎಂಬುದು ಮೂರನೆಯದು. ಅದು 9 ಡಿಗ್ರಿ. ಮುಂದಿನ ಕ್ರಾಸು ದುಡಿಯುವ ಕೋನ 11ರಿಂದ 4 ಕಳೆದು 7 ಡಿಗ್ರಿ, ಹಿಂದಿನ ಕ್ರಾಸಿನ ಕೋನ 11ರಿಂದ 9 ಕಳೆದು 2 ಡಿಗ್ರಿ. ದೋಷ ಆ 7ರ ಮತ್ತು 2ರ ನಡುವೆ ಇತ್ತು.

ಇದಕ್ಕೆ ಕಾರಣ ಹೀಗಿದೆ. ಕೋನದಲ್ಲಿ ತಿರುಗುವ ಯುಜೆ ಕ್ರಾಸು ಸಮವೇಗದಲ್ಲಿ ತಿರುಗಿಸುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುಂದೋಡಿ ಎರಡು ಬಾರಿ ಹಿಂದುಳಿಯುತ್ತದೆ. ಮುಂದಿನ ಕ್ರಾಸು ಮಾಡಿದ ಈ ಏರಿಳಿತವನ್ನು ಹಿಂದಿನ ಕ್ರಾಸು ಅಷ್ಟೇ ಅಳತೆಯಲ್ಲಿ ತೊಡೆದುಹಾಕಬೇಕಾದರೆ ಎರಡರ ಕೋನವೂ ಸಮವಾಗಿರಬೇಕು, ಅಂದರೆ ಟ್ರಾನ್ಸ್‌ಫರ್ ಕೇಸಿನ ಶಾಫ್ಟೂ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಜೊತೆಗೆ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಯೋಕುಗಳ (ಕ್ರಾಸನ್ನು ಹಿಡಿಯುವ ಕವಲುಗಳ) ಕಿವಿಗಳು ಒಂದೇ ಸಾಲಿನಲ್ಲಿರಬೇಕು. ಸ್ಪ್ಲೈನಿನಲ್ಲಿ (ಶಾಫ್ಟಿನ ಮೈಮೇಲಿನ ಉದ್ದದ ಹಲ್ಲುಸಾಲಿನಲ್ಲಿ) ಒಂದು ಹಲ್ಲು ತಪ್ಪಿಸಿ ಕೂರಿಸಿದರೂ ಕೋನ ಸರಿಯಿದ್ದ ಜೀಪು ನಡುಗುತ್ತದೆ. ನಮ್ಮ ಹುಡುಗ ಪಿನಿಯನ್ನಿನ ಮೂತಿಯನ್ನು ನೇರವಾಗಿ ಟ್ರಾನ್ಸ್‌ಫರ್ ಕೇಸಿನ ಕಡೆಗೆ ತೋರಿಸುವಂತೆ ಎತ್ತಿ, ಪ್ಲೇಟು (ಪಟ್ಟಿ ಸ್ಪ್ರಿಂಗು) ಕೂರುವ ಪ್ಯಾಡುಗಳನ್ನು ಹೌಸಿಂಗಿಗೆ ವೆಲ್ಡ್ ಮಾಡಿದ್ದ. ನೋಡಲು ಅದು ನೇರವಾಗಿ, ಚಂದವಾಗಿಯೇ ಕಾಣುತ್ತದೆ. ಟ್ರಾನ್ಸ್‌ಫರ್ ಕೇಸಿನ ತುದಿಯಲ್ಲಿ ಡಬಲ್ ಕಾರ್ಡನ್ ಎನ್ನುವ ಜೋಡಿ ಕ್ರಾಸು ಇರುವ ಶಾಫ್ಟಿಗೆ ಹಾಗೆ ತೋರಿಸುವುದೇ ಸರಿ, ಏಕೆಂದರೆ ಆ ಜೋಡಿ ತನ್ನ ಏರಿಳಿತವನ್ನು ತಾನೇ ತೊಡೆದುಕೊಳ್ಳುತ್ತದೆ. ತುದಿಗೊಂದರಂತೆ ಕ್ರಾಸು ಇರುವ ಸಾಮಾನ್ಯ ಶಾಫ್ಟಿಗೆ ಅದೇ ಕೂರಿಕೆ ತಪ್ಪಾಗುತ್ತದೆ. ಎಕ್ಸಲರೇಟರ್ ಒತ್ತಿದಾಗ ನಡುಕ ಹೆಚ್ಚುತ್ತಿದ್ದದ್ದಕ್ಕೂ ಇದೇ ವಿವರಣೆ: ಎಳೆತದಲ್ಲಿ ಹಿಂದಿನ ಪ್ಲೇಟುಗಳು ಸುರುಳಿ ಕಟ್ಟಿದಂತೆ ಬಾಗಿ ಮೂತಿ ಇನ್ನೊಂದಿಷ್ಟು ಮೇಲೇಳುತ್ತದೆ, ಇದ್ದ ವ್ಯತ್ಯಾಸ ಇನ್ನೂ ದೊಡ್ಡದಾಗುತ್ತದೆ.

ಪ್ಯಾಡುಗಳನ್ನು ಕಡಿದು ಮೂತಿಯನ್ನು 3 ಡಿಗ್ರಿಗೆ ಇಳಿಸಿದೆವು. ಸಮಾನಾಂತರಕ್ಕೆ 4 ಬೇಕಿತ್ತು. ಪ್ಲೇಟುಗಳು ಬಾಗುವುದಕ್ಕೆಂದು ಒಂದು ಡಿಗ್ರಿ ಬಿಟ್ಟುಕೊಟ್ಟೆವು. ಮೂತಿ ಇಳಿದಾಗ ಅದರ ತುದಿ ಮೂರು ಸೆಂಟಿಮೀಟರಿನಷ್ಟು ಕೆಳಗೆ ಬಂದು, 900 ಮಿಲಿಮೀಟರ್ ಉದ್ದದ ಶಾಫ್ಟಿನ ಇಳಿಜಾರು 11ರಿಂದ 13 ಡಿಗ್ರಿಗೆ ಹೋಯಿತು. ಈ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯದೆ ಕಾಗದದಲ್ಲಿ ಕೋನ ಕೂಡಿಸಿ ಕಳೆದವರು ಎರಡನೆಯ ಬಾರಿಯೂ ತಪ್ಪುತ್ತಾರೆ. ಈಗ ಮುಂದಿನ ಕೋನ 9, ಹಿಂದಿನದು 10. ವೆಲ್ಡಿಂಗನ್ನು ಮೊದಲು ಟ್ಯಾಕಿನಲ್ಲಿ (ಚುಕ್ಕಿ ವೆಲ್ಡಿನಲ್ಲಿ) ನಿಲ್ಲಿಸಿ, ಜೀಪನ್ನು ನೆಲಕ್ಕಿಳಿಸಿ, ಭಾರ ಹೇರಿ ಅಳೆದು, ಬಳಿಕವೇ ಪೂರ್ತಿ ಮಾಡಿದೆವು. ಆ ದಿನ ಸಂಜೆ ಅದೇ ರಸ್ತೆಯಲ್ಲಿ ಅರವತ್ತರವರೆಗೂ ಹೋದೆವು. ಟೂಲ್ ಬಾಕ್ಸಿನ ಮುಚ್ಚಳದ ಕಿರಿಕಿರಿ ಮೊದಲ ಬಾರಿಗೆ ಕೇಳಿಸಿತು.

ವ್ಯತ್ಯಾಸ ಎರಡೋ ನಾಲ್ಕೋ ಡಿಗ್ರಿ ಮಾತ್ರ ಇದ್ದರೆ ಪ್ಯಾಡು ಕಡಿಯಬೇಕೆಂದಿಲ್ಲ, ಪ್ಲೇಟಿಗೂ ಪ್ಯಾಡಿಗೂ ನಡುವೆ ಉಕ್ಕಿನ ಬೆಣೆ ಕೊಡಬಹುದು. ಅದರ ದಿಕ್ಕಿನಲ್ಲಿ ತಪ್ಪುವವರು ಬಹಳ. ಪ್ಲೇಟುಗಳು ಹೌಸಿಂಗಿನ ಕೆಳಗಿರುವ ಜೀಪಿನಲ್ಲಿ ಮೂತಿ ಎತ್ತಬೇಕಾದರೆ ಬೆಣೆಯ ದಪ್ಪ ತುದಿ ಮುಂದಕ್ಕಿರಬೇಕು. ಪ್ಲೇಟುಗಳು ಹೌಸಿಂಗಿನ ಮೇಲಿದ್ದರೆ ದಪ್ಪ ತುದಿ ಹಿಂದಕ್ಕಿರಬೇಕು. ಮೂತಿ ಇಳಿಸುವುದಕ್ಕೆ ಇದರ ತದ್ವಿರುದ್ಧ. ಬೆಣೆ ಕೊಟ್ಟಾಗ ಸೆಂಟರ್ ಬೋಲ್ಟಿನ ತಲೆ ಪ್ಯಾಡಿನ ತೂತಿನಲ್ಲಿ ಇಳಿಯುವಷ್ಟು ಉದ್ದ ಉಳಿದಿದೆಯೇ ಎಂದು ನೋಡಿಕೊಳ್ಳಬೇಕು. ಅಲ್ಯೂಮಿನಿಯಂ ಬೆಣೆ ನಮ್ಮ ದಾರಿಗಳಲ್ಲಿ ಪುಡಿಯಾಗುತ್ತದೆ.

ಕೋನ ಸರಿಯಾದರೂ ನಿಲ್ಲದ ನಡುಕ

ಹಳೆಯ ಜೀಪುಗಳ ಟ್ರಾನ್ಸ್‌ಫರ್ ಕೇಸಿನಿಂದ ಹಿಂದಿನ ಶಾಫ್ಟು ನಡುವಿನಿಂದ ಹೊರಡದೆ ಬಲಕ್ಕೆ ಸರಿದು ಹೊರಡುವುದುಂಟು. ಅದಕ್ಕೆ ಹೊಂದುವಂತೆ ಅವುಗಳ ಡಿಫರೆನ್ಷಿಯಲ್ (ಕ್ರೌನ್, ಪಿನಿಯನ್ ಇರುವ ಉಬ್ಬಿದ ಭಾಗ) ಕೂಡ ಬಲಕ್ಕೆ ಸರಿದಿರುತ್ತದೆ. ಅಂತಹ ಜೀಪಿಗೆ ನಡುವಿನಲ್ಲಿ ಡಿಫರೆನ್ಷಿಯಲ್ ಇರುವ ಹೌಸಿಂಗ್ ಹಾಕಿದಾಗ ಶಾಫ್ಟು ಮೇಲಿನಿಂದ ಕೆಳಕ್ಕೆ ಮಾತ್ರವಲ್ಲದೆ ಪಕ್ಕಕ್ಕೂ ಓರೆಯಾಗುತ್ತದೆ. 700 ಮಿಲಿಮೀಟರ್ ಉದ್ದದ ಶಾಫ್ಟಿಗೆ 60 ಮಿಲಿಮೀಟರ್ ಪಕ್ಕದ ಸರಿತ ಎಂದರೆ ಸುಮಾರು 5 ಡಿಗ್ರಿ. ಮೇಲಿನಿಂದ ಕೆಳಕ್ಕೆ 12 ಡಿಗ್ರಿ ಇದ್ದರೆ ಕ್ರಾಸು ನಿಜವಾಗಿ ದುಡಿಯುವ ಕೋನ 13 ಡಿಗ್ರಿ. ಇದಕ್ಕೆ ಬೆಣೆಯಲ್ಲಿ ಪರಿಹಾರವಿಲ್ಲ. ಎರಡು ತುದಿಗಳೂ ಮೇಲಿನಿಂದ ನೋಡಿದಾಗ ಸಮಾನಾಂತರವಾಗಿವೆಯೇ ಎಂದು ನೋಡಬಹುದು, ಅಷ್ಟೇ. ಗಿಡ್ಡ ಚಾಸಿಯ ಜೀಪಿನಲ್ಲಿ ಈ ತೊಂದರೆ ದೊಡ್ಡದು, ಏಕೆಂದರೆ ಭಾರದ ಹೌಸಿಂಗಿನ ಮೂತಿಯೂ ಉದ್ದವಾಗಿರುತ್ತದೆ, ಉಳಿಯುವ ಶಾಫ್ಟು ಮೊಣಕೈಯುದ್ದ.

ಶಾಫ್ಟನ್ನು ಕಡಿದು ಗಿಡ್ಡ ಮಾಡಿಸಿದ್ದರೆ ಅದರ ಸಮತೋಲನವನ್ನು ಸಂಶಯಿಸಬೇಕು. ಲೇತಿನಲ್ಲಿ ಬ್ಯಾಲೆನ್ಸ್ ಮಾಡಿಸುವ ಮೊದಲು ಎರಡು ಹೋಸ್ ಕ್ಲಿಪ್ಪುಗಳನ್ನು ಶಾಫ್ಟಿಗೆ ಬಿಗಿದು, ಅವುಗಳ ತಿರುಪುಗಳನ್ನು ಕಾಲು ಸುತ್ತಿನಂತೆ ಜಾಗ ಬದಲಿಸಿ ಓಡಿಸಿ ನೋಡಬಹುದು. ಯಾವುದಾದರೂ ಒಂದು ಜಾಗದಲ್ಲಿ ನಡುಕ ಕಡಿಮೆಯಾದರೆ ದೋಷ ಭಾರದ್ದು, ಕೋನದ್ದಲ್ಲ. ಉದ್ದವನ್ನೂ ನೋಡಬೇಕು. ಹಳ್ಳಕ್ಕಿಳಿದು ಪ್ಲೇಟುಗಳು ಪೂರ್ತಿ ಒತ್ತಿದಾಗ ಶಾಫ್ಟು ಉದ್ದ ಗಿಡ್ಡ ಆಗಲು ಬಿಡುವ ಸ್ಲಿಪ್ ಜಾಯಿಂಟು ತಳಮುಟ್ಟಿದರೆ ಆ ಪೆಟ್ಟು ನೇರವಾಗಿ ಟ್ರಾನ್ಸ್‌ಫರ್ ಕೇಸಿನ ಬೇರಿಂಗಿಗೆ ಹೋಗುತ್ತದೆ. ಸ್ಲಿಪ್ಪಿನ ಮೇಲೆ ಗ್ರೀಸು ಸವರಿ ಒಂದು ಸುತ್ತು ಗುಡ್ಡೆ ಹತ್ತಿ ಇಳಿದು ಬಂದರೆ ಅದು ಎಷ್ಟು ಓಡಾಡಿದೆ ಎನ್ನುವುದು ಗೆರೆಯಾಗಿ ಕಾಣುತ್ತದೆ. ಒಳಗೆ ಹೋಗಲು ಕನಿಷ್ಠ 25 ಮಿಲಿಮೀಟರ್ ಉಳಿದಿರಬೇಕು.

ಕೂಗು

ಇಲ್ಲಿಯವರೆಗಿನದು ಸರಿಯಿದ್ದು ಕೂಗು ಉಳಿದರೆ ಮಾತ್ರ ಹೌಸಿಂಗಿನ ಒಳಗನ್ನು ಸಂಶಯಿಸಬೇಕು. ಎಳೆತದಲ್ಲಿ ಮಾತ್ರ ಕೂಗಿದರೆ ಕ್ರೌನಿನ ಹಲ್ಲಿನ ಉಬ್ಬಿದ ಮುಖದ ಕೂರಿಕೆಯನ್ನು, ಎಕ್ಸಲರೇಟರ್ ಬಿಟ್ಟಾಗ ಮಾತ್ರ ಕೂಗಿದರೆ ಅದರ ಇನ್ನೊಂದು ಮುಖವನ್ನೂ ಪಿನಿಯನ್ ನಟ್ಟಿನ ಬಿಗಿಯನ್ನೂ ನೋಡಬೇಕು. ಎರಡರಲ್ಲೂ ಒಂದೇ ಸಮ ಗುಡುಗಿದಂತೆ ಇದ್ದರೆ ಬೇರಿಂಗು. ಎಡಕ್ಕೆ ತಿರುಗುವಾಗ ಹೆಚ್ಚಿ ಬಲಕ್ಕೆ ತಿರುಗುವಾಗ ಇಳಿದರೆ ಬಲ ಚಕ್ರದ ಬೇರಿಂಗು, ಏಕೆಂದರೆ ಎಡ ತಿರುವಿನಲ್ಲಿ ಭಾರ ಬಲಕ್ಕೆ ಬೀಳುತ್ತದೆ.

ಒಳಗೆ ಬಿಚ್ಚಿದಾಗ ಎಡ ಬಲದ ಶಿಮ್ಮುಗಳನ್ನು ಬೇರೆ ಬೇರೆ ಕಟ್ಟಿ ಚೀಟಿ ಅಂಟಿಸಬೇಕು. ಓಡಿ ಸವೆದ ಕ್ರೌನ್ ಪಿನಿಯನ್ ಜೋಡಿಗೆ ತನ್ನದೇ ಒಂದು ಒಗ್ಗಿಕೆ ಇರುತ್ತದೆ. ಹಳೆಯ ಜೋಡಿಯನ್ನು ಹೊಸದರ ಅಳತೆಗೆ ತರಲು ಹೋದರೆ ಸುಮ್ಮನಿದ್ದದ್ದು ಕೂಗಲು ಆರಂಭಿಸುತ್ತದೆ. ಹೊಸ ಜೋಡಿಗೆ ಹಲ್ಲುಗಳ ನಡುವಿನ ಸಡಿಲ ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್. ಹಲ್ಲಿಗೆ ನೀಲಿ ಸವರಿ ತಿರುಗಿಸಿದಾಗ ಗುರುತು ಹಲ್ಲಿನ ತುದಿಯ ಅಂಚಿಗೆ ಬಿದ್ದರೆ ಪಿನಿಯನ್ ಕ್ರೌನಿನಿಂದ ದೂರ ಇದೆ, ಬುಡಕ್ಕೆ ಬಿದ್ದರೆ ತೀರ ಹತ್ತಿರ ಇದೆ.

ವೆಲ್ಡಿಂಗಿನಿಂದ ಬರುವ ಕೂಗೂ ಇದೆ, ಇದನ್ನು ಹೇಳಿದರೆ ಹಲವರು ನಂಬುವುದಿಲ್ಲ. ಅರ್ತಿಂಗ್ ಕ್ಲಿಪ್ಪನ್ನು ಚಾಸಿಗೋ ಚಕ್ರದ ಬೋಲ್ಟಿಗೋ ಸಿಕ್ಕಿಸಿ ಹೌಸಿಂಗಿನ ಟ್ಯೂಬಿಗೆ ವೆಲ್ಡ್ ಮಾಡಿದರೆ ಕರೆಂಟು ಬೇರಿಂಗಿನ ರೋಲರುಗಳ ಮೂಲಕ ಹರಿದು ಅವುಗಳ ಮೈಯಲ್ಲಿ ಸಣ್ಣ ಗುಳಿಗಳನ್ನು ಮಾಡುತ್ತದೆ. ಕ್ಲಿಪ್ಪು ವೆಲ್ಡಿನ ಪಕ್ಕದಲ್ಲೇ, ಟ್ಯೂಬಿನ ಮೇಲೆಯೇ ಇರಬೇಕು. ಒಂದೇ ಬದಿಯಲ್ಲಿ ಉದ್ದಕ್ಕೆ ವೆಲ್ಡ್ ಎಳೆದರೆ ಟ್ಯೂಬೇ ಬಾಗುತ್ತದೆ. ಆಕ್ಸಲ್ ಶಾಫ್ಟು ಕೈಯಲ್ಲಿ ತಳ್ಳಿದರೆ ಸ್ಪ್ಲೈನಿಗೆ ತಾನಾಗಿ ಇಳಿಯದೆ ಎತ್ತಿ ಒತ್ತಿ ಹಾಕಬೇಕಾಗಿ ಬಂದರೆ ಟ್ಯೂಬ್ ಬಾಗಿದೆ ಎಂದೇ ತಿಳಿಯಬೇಕು. ಅಂತಹ ಹೌಸಿಂಗಿನಲ್ಲಿ ಎಷ್ಟು ಸೀಲು ಬದಲಿಸಿದರೂ ಸೋರಿಕೆ ನಿಲ್ಲುವುದಿಲ್ಲ.

ಫೋರ್ ವೀಲಿನಲ್ಲಿ ಸಿಕ್ಕಿಕೊಳ್ಳುವ ಜೀಪು

ಎರಡು ಚಕ್ರದಲ್ಲಿ ಓಡುವಾಗ ಯಾವ ದೂರೂ ಇಲ್ಲ. ಫೋರ್ ವೀಲ್ ಹಾಕಿದರೆ ಸ್ಟಿಯರಿಂಗ್ ಬಿಗಿಯುತ್ತದೆ, ಜೀಪು ಜಿಗಿದು ಜಿಗಿದು ಹೋಗುತ್ತದೆ, ಲಿವರ್ ಹಿಂದಕ್ಕೆ ಬರುವುದಿಲ್ಲ. ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಡಿ. ಹಿಂದಿನ ಅನುಪಾತ ಮುಂದಿನದಕ್ಕೆ ಹೊಂದುವುದಿಲ್ಲ ಎನ್ನುವುದೇ ಮೊದಲ ಸಂಶಯವಾಗಬೇಕು. 43 ಹಲ್ಲಿನ ಕ್ರೌನಿಗೆ 8 ಹಲ್ಲಿನ ಪಿನಿಯನ್ ಇದ್ದರೆ ಅನುಪಾತ 5.38, 39ಕ್ಕೆ 8 ಇದ್ದರೆ 4.88. ಮುಂದೆ ಒಂದು, ಹಿಂದೆ ಇನ್ನೊಂದು ಇದ್ದರೆ ನೂರು ಮೀಟರ್ ಹೋಗುವುದರಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಹತ್ತು ಮೀಟರಿನಷ್ಟು ಜಗಳವಾಡುತ್ತವೆ. ಕೆಸರಿನಲ್ಲಿ ಟಯರ್ ಜಾರಿ ಅದು ಗೊತ್ತಾಗುವುದಿಲ್ಲ, ಡಾಂಬರಿನಲ್ಲಿ ಕೂಡಲೇ ಗೊತ್ತಾಗುತ್ತದೆ. ಗುಜರಿಯವರು ಹೇಳಿದ ಸಂಖ್ಯೆಯನ್ನು ನಂಬದೆ ಎಣಿಸಿಕೊಳ್ಳಬೇಕು. ಒಂದು ಹಿಂದಿನ ಚಕ್ರವನ್ನು ಮಾತ್ರ ಎತ್ತಿ, ಇನ್ನೊಂದನ್ನು ನೆಲದಲ್ಲೇ ಕಲ್ಲು ಕೊಟ್ಟು ನಿಲ್ಲಿಸಿ, ಶಾಫ್ಟಿಗೂ ಟಯರಿಗೂ ಸೀಮೆಸುಣ್ಣದ ಗೆರೆ ಎಳೆದು, ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಬೇಕು. ಎರಡು ಚಕ್ರಗಳನ್ನೂ ಒಟ್ಟಿಗೆ ಕಟ್ಟುವ ಲಾಕರ್ ಇಲ್ಲದ ಸಾಮಾನ್ಯ ಡಿಫರೆನ್ಷಿಯಲಿನಲ್ಲಿ ಕ್ರೌನು ಇದರ ಅರ್ಧ, ಅಂದರೆ 10 ಸುತ್ತು ಬರುತ್ತದೆ. ಶಾಫ್ಟು 54ಕ್ಕೆ ಸ್ವಲ್ಪ ಕಡಿಮೆ ಸುತ್ತು ಬಂದರೆ 5.38, 49ಕ್ಕೆ ಸ್ವಲ್ಪ ಕಡಿಮೆ ಬಂದರೆ 4.88. ಮುಂದಿನ ಹೌಸಿಂಗಿಗೂ ಹೀಗೆಯೇ. ವ್ಯತ್ಯಾಸ ಶೇಕಡ ಒಂದರೊಳಗೆ ಇಲ್ಲದಿದ್ದರೆ ಒಂದು ಕಡೆಯ ಕ್ರೌನ್ ಪಿನಿಯನ್ ಬದಲಿಸುವವರೆಗೆ ಫೋರ್ ವೀಲ್ ಲಿವರಿಗೆ ಕೈ ಹಾಕಬಾರದು.

ಗಟ್ಟಿ ಹೌಸಿಂಗ್ ಎಂದು ತಂದದ್ದು ನಿಜವಾಗಿ ಗಟ್ಟಿಯೇ ಎನ್ನುವುದನ್ನೂ ಈ ಹೊತ್ತಿಗೆ ನೋಡಿಕೊಳ್ಳಬಹುದು. ಅಮೆರಿಕದ ಜೀಪುಗಳಲ್ಲಿ 7.56 ಅಂಗುಲದ ಕ್ರೌನ್ ಇರುವ ಡಾನಾ 35 ತೆಗೆದು ಸುಮಾರು 8.5 ಅಂಗುಲದ ಡಾನಾ 44 ಅಥವಾ 9.75 ಅಂಗುಲದ ಡಾನಾ 60 ಹಾಕುವ ಪರಿಪಾಠವಿದೆ. ಅಲ್ಲಿ ಬಲವನ್ನು ಅಳೆಯುವುದು ಕ್ರೌನಿನ ವ್ಯಾಸ, ಶಾಫ್ಟಿನ ದಪ್ಪ, ಸ್ಪ್ಲೈನುಗಳ ಸಂಖ್ಯೆಯಿಂದ. ಹೊರಗಿನ ಟ್ಯೂಬಿನ ದಪ್ಪವನ್ನು ನೋಡಿ ಕೊಂಡುತಂದ ಹೌಸಿಂಗಿನೊಳಗೆ ಹಳೆಯದಕ್ಕಿಂತ ತೆಳ್ಳಗಿನ ಶಾಫ್ಟು ಇದ್ದದ್ದೂ ಉಂಟು.

ಏಡಿ ನಡಿಗೆ, ಟಕ್ ಸದ್ದು

ಹಿಂದಿನಿಂದ ನೋಡುವವರಿಗೆ ಜೀಪು ಏಡಿಯಂತೆ ಓರೆಯಾಗಿ ಹೋಗುತ್ತಿರುವಂತೆ ಕಂಡರೆ ಹೌಸಿಂಗ್ ಚಾಸಿಗೆ ಅಡ್ಡವಾಗಿ ನೇರ ಕೂತಿಲ್ಲ. ಚಾಸಿಯ ಎರಡು ಬದಿಯ ಒಂದೇ ಬಗೆಯ ತೂತಿನಿಂದ ಸೆಂಟರ್ ಬೋಲ್ಟಿನವರೆಗೆ ಟೇಪು ಹಿಡಿದು ನೋಡಿದರೆ ಸಾಕು. ಗೇರು ಹಾಕಿದ ಕೂಡಲೇ ಟಕ್ ಎಂದರೆ ಕ್ರೌನಿಗಿಂತ ಮೊದಲು ಯು ಬೋಲ್ಟುಗಳನ್ನು ನೋಡಬೇಕು. ಹೊಸ ಪ್ಯಾಡಿನ ಬಣ್ಣವೂ ತುಕ್ಕೂ ಒತ್ತಿ ಕುಳಿತ ಮೇಲೆ ಅವು ಸಡಿಲವಾಗುವುದು ಸಹಜ. ಭಾರ ಹೇರಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ಬಿಗಿಯಲೇಬೇಕು.

ಸೋರಿಕೆ ಮತ್ತು ನೀರು

ಮಳೆಗಾಲದಲ್ಲಿ ಪಯಸ್ವಿನಿ ಹೊಳೆಯ ಕಡವುಗಳನ್ನೂ ತೋಟದ ತೋಡುಗಳನ್ನೂ ದಾಟುವ ಜೀಪುಗಳಲ್ಲಿ ಇದು ಬೇರೆಯೇ ಅಧ್ಯಾಯ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಹೌಸಿಂಗಿನ ಗಾಳಿಕಂಡಿಯಾದ ಬ್ರೀದರ್ ತೆರೆದಿದ್ದು ಎತ್ತರದಲ್ಲಿದ್ದರೆ ಗಾಳಿ ಬರುತ್ತದೆ. ಕೆಂಪು ಮಣ್ಣು ಕಟ್ಟಿ ಮುಚ್ಚಿದ್ದರೆ ಸೀಲಿನ ಅಂಚಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಮತ್ತೆ ಬಿಸಿಯಾದಾಗ ಒಳಗಿನ ಒತ್ತಡ ಅದೇ ಸೀಲಿನಿಂದ ಆಯಿಲನ್ನು ಹೊರಗೆ ತಳ್ಳುತ್ತದೆ. ಹೀಗಾಗಿ ಸೋರಿಕೆಯ ದೂರು ಬಂದಾಗ ಸೀಲು ತರಿಸುವ ಮೊದಲು, ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ಬ್ರೀದರನ್ನು ಸಡಿಲಿಸಬೇಕು. ಉಸ್ಸೆಂದು ಗಾಳಿ ಬಿಟ್ಟರೆ ದೋಷ ಸೀಲಿನದಲ್ಲ. ಗುಜರಿಯ ಹೌಸಿಂಗಿನಲ್ಲಿ ಬ್ರೀದರಿನ ತೂತಿಗೆ ಯಾರೋ ಬೋಲ್ಟು ಬಿಗಿದಿರುವುದೂ ಉಂಟು. ಅಲ್ಲಿಂದ ಒಂದು ರಬ್ಬರ್ ಟ್ಯೂಬನ್ನು ಸೀಟಿನ ಎತ್ತರಕ್ಕೆ ಏರಿಸಿ ಕಟ್ಟಿದರೆ ಮುಂದಿನ ಮಳೆಗಾಲಕ್ಕೆ ತಲೆನೋವಿಲ್ಲ. ಡ್ರೇನಿನಿಂದ ಬಂದ ಆಯಿಲು ಹಾಲು ಹಾಕಿದ ಕಾಫಿಯ ಬಣ್ಣಕ್ಕಿದ್ದರೆ ನೀರು ಹೊಕ್ಕಿದೆ. ಬರಿದು ಮಾಡಿ, ಹೊಸ ಆಯಿಲಿನಿಂದ ಒಮ್ಮೆ ತೊಳೆದು, ಜಿಎಲ್-5 ದರ್ಜೆಯ ಗೇರ್ ಆಯಿಲ್ ತುಂಬಿಸಬೇಕು. ಗೇರ್‌ಬಾಕ್ಸಿಗೆಂದು ತಂದ ಜಿಎಲ್-4 ಇಲ್ಲಿಗೆ ಸಾಲದು.

ಆಯಿಲಿನ ಮಟ್ಟದಲ್ಲಿ ಒಂದು ಮೋಸವಿದೆ. ಪಿನಿಯನ್ ಮೂತಿಯನ್ನು ಎತ್ತಿ ಕೂರಿಸಿದಾಗ ಇಡೀ ಹೌಸಿಂಗೇ ತಿರುಗುವುದರಿಂದ ಆಯಿಲ್ ತುಂಬುವ ತೂತಿನ ಎತ್ತರವೂ ಬದಲಾಗುತ್ತದೆ, ಮೂತಿಯ ತುದಿಯಲ್ಲಿರುವ ಬೇರಿಂಗು ಆಯಿಲಿನಿಂದ ಇನ್ನಷ್ಟು ಮೇಲಕ್ಕೆ ಹೋಗುತ್ತದೆ. ತೂತಿನಿಂದ ಹೊರಚೆಲ್ಲುವವರೆಗೆ ತುಂಬಿದ್ದೇವೆ ಎಂಬ ಸಮಾಧಾನದಲ್ಲಿ ಓಡಿಸಿ, ಆ ಬೇರಿಂಗನ್ನು ಒಣಗಿಸಿ ಸುಟ್ಟವರಿದ್ದಾರೆ. ಮೂತಿ ಹೆಚ್ಚು ಎದ್ದಿರಬೇಕಾದ ಜೀಪಿನಲ್ಲಿ ಹೌಸಿಂಗಿನ ಹಳೆಯ ಮಟ್ಟವನ್ನು ಕೂರಿಸುವ ಮೊದಲೇ ಗುರುತು ಮಾಡಿಕೊಂಡು, ಅಗತ್ಯ ಬಿದ್ದರೆ ಮುಚ್ಚಳದಲ್ಲಿ ಮೇಲೆ ಹೊಸ ತೂತು ಕೊರೆಸಬೇಕು.

ಬ್ರೇಕು

ಹೊಸ ಹೌಸಿಂಗಿನೊಡನೆ ಅದರ ಬ್ರೇಕೂ ಬರುತ್ತದೆ, ಮಾಸ್ಟರ್ ಸಿಲಿಂಡರ್ ಮಾತ್ರ ಹಳೆಯದು. ಚಕ್ರದ ಸಿಲಿಂಡರಿನ ವ್ಯಾಸ ಅಂಗುಲದ ಎಂಟರಲ್ಲಿ ಏಳು ಭಾಗ (7/8), ಅಂದರೆ 22.2 ಮಿಲಿಮೀಟರ್ ಇದ್ದದ್ದು ಒಂದು ಅಂಗುಲ, ಅಂದರೆ 25.4 ಮಿಲಿಮೀಟರ್ ಆದರೆ ಅದರ ಒಳ ವಿಸ್ತೀರ್ಣ ಶೇಕಡ 31ರಷ್ಟು ಹೆಚ್ಚುತ್ತದೆ. ಆಗ ಪೆಡಲು ಆಳಕ್ಕೆ ಹೋಗುತ್ತದೆ, ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲು ಕಟ್ಟಿಕೊಳ್ಳುತ್ತವೆ. ಒದ್ದೆ ಮುರಕಲ್ಲಿನ ಇಳಿಜಾರಿನಲ್ಲಿ ಜೀಪಿನ ಬಾಲ ಪಕ್ಕಕ್ಕೆ ಬರುವುದು ಹೀಗೆಯೇ. ಬ್ಯಾಕ್ ಪ್ಲೇಟಿಗೆ ಹೊಂದುವ ಸಣ್ಣ ವ್ಯಾಸದ ಸಿಲಿಂಡರ್ ಸಿಕ್ಕಿದರೆ ಅದನ್ನೇ ಹಾಕುವುದು ಒಳ್ಳೆಯದು. ಎಷ್ಟು ಬ್ಲೀಡ್ ಮಾಡಿ ಗಾಳಿ ತೆಗೆದರೂ ಪೆಡಲು ಸ್ಪಂಜಿನಂತೆಯೇ ಉಳಿದರೆ ಮಾಸ್ಟರ್ ಸಿಲಿಂಡರನ್ನು ಬೈಯುವ ಮೊದಲು ಚಕ್ರದ ಹಿಂದೆ ಬಗ್ಗಿ ಬ್ಲೀಡರ್ ನಿಪ್ಪಲ್ ಎಲ್ಲಿದೆ ಎಂದು ನೋಡಬೇಕು. ಎಡದ ಸಿಲಿಂಡರು ಬಲಕ್ಕೆ, ಬಲದ್ದು ಎಡಕ್ಕೆ ಬಿದ್ದಿದ್ದರೆ ನಿಪ್ಪಲು ಪೈಪಿಗಿಂತ ಕೆಳಗೆ ಬಂದಿರುತ್ತದೆ. ಗಾಳಿ ಮೇಲೆಯೇ ಉಳಿದು, ಬಾಟಲಿಗೆ ಬರೀ ಬ್ರೇಕ್ ಆಯಿಲು ಇಳಿಯುತ್ತಿರುತ್ತದೆ.